ಹತ್ತು ಸಾವ್ಕಾರ್ರು, ಒಂದು ಶಾರ್ಕ್, ಹನ್ನೊಂದನೇ ಸೀಟು

ಕಾಫಿ ತೋಟದ ರೈಟರ್ ಆದವನಿಗೆ ಇಂಥವು ಆಗ್ತಾನೇ ಇರ್ತವೆ. ಒಂದು ವಾರ ಏನೂ ಆಗಲಿಲ್ಲ ಅಂದ್ರೆ ಸಾವ್ಕಾರ್ರಿಗೆ ಹುಷಾರಿಲ್ವೇನೋ ಅಂತ ನಾನೇ ವಿಚಾರಿಸ್ಕೊಂಡು ಬರ್ತೀನಿ. ರೈಟರ್ ಅಂದ್ರೆ ಕತೆ ಬರೆಯೋನು ಅಂದ್ಕೋಬೇಡಿ. ಬೆಳಗ್ಗೆ ಆಳುಗಳ ಹಾಜರಿ ಕೂಗೋನು, ಕೆಲಸ ಹಂಚೋನು, ಮಧ್ಯದಲ್ಲಿ ಸಾವ್ಕಾರ್ರ ಮನೆ ಗ್ಯಾಸು, ನಾಯಿ ಇಂಜೆಕ್ಷನ್ನು, ಅವರ ಅತ್ತೆ ಕಣ್ಣಿನ ಆಪರೇಷನ್ನು ಎಲ್ಲಾ ನೋಡ್ಕೊಳ್ಳೋನು. ವನಗೂರಿನ ಕಡೆ ಒಂದು ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ನಂದು ಇದೇ ಬದುಕು.

ಈಚೆಗೆ ಇದರ ಮೇಲೆ ಇನ್ನೊಂದು ಸೇರ್ಕೊಂಡಿದೆ. ಸಮುದ್ರದ ನಡುಮಧ್ಯೆ, ಶಾರ್ಕ್ ಓಡಾಡೋ ದ್ವೀಪಗಳಿಗೆ ಸಾವ್ಕಾರ್ರುಗಳ ಸ್ಕೂಬಾ ಟ್ರಿಪ್ಪು ಹಾಕೋದು. ನಮ್ಮೂರಿಂದ ಸಮುದ್ರ ನೋಡ್ಬೇಕು ಅಂದ್ರೆ ಘಾಟಿ ಇಳಿದು ಅರ್ಧ ದಿನ ಹೋಗ್ಬೇಕು. ಶಾರ್ಕ್ ಅದಕ್ಕಿಂತ ಇನ್ನೂ ಆಚೆ. ಅದರ ಪಾಡಿಗೆ ಅದಿತ್ತು, ನಮ್ಮ ಪಾಡಿಗೆ ನಾವಿದ್ವಿ.

ವಿಡಿಯೋ

ಶುರುವಾಗಿದ್ದು ಒಂದು ವಾಟ್ಸಾಪ್ ವಿಡಿಯೋದಿಂದ. ಸಾವ್ಕಾರ್ರು ಕಣದಲ್ಲಿ ಕಾಫಿ ಒಣಗೋದನ್ನ ನೋಡ್ತಾ ನಿಂತಿದ್ದೋರು ನನ್ನ ಕರೆದು ಮೊಬೈಲು ತೋರಿಸಿದ್ರು. ಕರೀ ಬಟ್ಟೆ ಹಾಕ್ಕೊಂಡು, ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಒಬ್ಬ ನೀರೊಳಗೆ ತೇಲ್ತಾ ಇದ್ದ. ಅವನ ಹಿಂದೆ ಒಂದು ಶಾರ್ಕ್ ಹೋಯ್ತು.

"ಇವ್ನು ಮೂಡಿಗೆರೆ ಕಡೆಯೋನು ರೈಟ್ರೇ. ನಮ್ಮ ತೋಟದಲ್ಲಿ ಅರ್ಧಾನೂ ಇಲ್ಲ ಇವ್ನ ತೋಟ. ಇವ್ನೇ ಹೋಗ್ಬಂದವ್ನೆ ಅಂದ್ರೆ ನಾವು ಸುಮ್ನೆ ಕೂತಿರೋದಾ?"

ಮಾರನೇ ದಿನ ಸಕಲೇಶಪುರದ ಟ್ರಾವೆಲ್ಸ್ ಏಜೆಂಟ್ ಹತ್ರ ಹೋದೆ. ಅವನು ಹೇಳಿದ, "ಹತ್ತು ಜನ ಸೇರಿಸಿ. ಹನ್ನೊಂದನೇ ಸೀಟು ಫ್ರೀ. ಅದು ಟ್ರಿಪ್ ಹಾಕ್ದೋರಿಗೆ." ಬಂದು ಸಾವ್ಕಾರ್ರಿಗೆ ಹೇಳಿದೆ. ಅವರು ಖುಷಿಯಲ್ಲಿದ್ರು. "ಹಂಗಾದ್ರೆ ಹನ್ನೊಂದನೇದು ನಿಮ್ದೇ ಕಣ್ರೀ ರೈಟ್ರೇ!" ಅಂದುಬುಟ್ರು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳ್ಬೇಕು. ನಾನು ಹುಟ್ಟಿದ್ದು ಪಾಳ್ಯ ಹೋಬಳಿಯಲ್ಲಿ. ಊರಲ್ಲಿ ಹೆಂಗಸರು ನೀರು ಸೇದೋವಾಗ ಕೊಡ ಬಾವಿಗೆ ಬಿದ್ರೆ ನಮ್ಮ ಮನೆ ಮುಂದೆ ಬಂದು ಕೂಗೋರು. ನಾನು ಮುಳುಗಿ ತೆಗೆದು ಕೊಡ್ತಿದ್ದೆ. ಬಾವಿ ಒಳಗೆ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ, ಕೆಸರು. ಕೈಯಲ್ಲೇ ತಡಕಾಡ್ಬೇಕು. ನೂರಾರು ಸಲ ಮುಳುಗಿದ್ದೀನಿ, ನೀರೊಳಗೆ ಏನಿದೆ ಅಂತ ಒಂದ್ಸಲಾನೂ ನೋಡಿಲ್ಲ. ಆ ವಿಡಿಯೋದಲ್ಲಿ ನೀರು ತಿಳಿಯಾಗಿತ್ತಲ್ಲ, ಅದನ್ನ ನನ್ನ ಮೊಬೈಲಿಗೂ ಹಾಕಿಸ್ಕೊಂಡು ರಾತ್ರಿ ಮತ್ತೆ ಮತ್ತೆ ನೋಡ್ದೆ. ಸಾಯೋದ್ರೊಳಗೆ ಒಂದ್ಸಲ ಕಣ್ಣು ಬಿಟ್ಕೊಂಡು ಮುಳುಗಬೇಕು. ಅಷ್ಟೇ ನನ್ನಾಸೆ. ನಗೋದಾದ್ರೆ ನಗಿ.

ಒಂದು ವಾರ ಆ ಸೀಟು ನಂದಾಗಿತ್ತು. ಎಂಟನೇ ದಿನ ಸಾವ್ಕಾರ್ರು ಹಾಜರಿ ಪುಸ್ತಕಕ್ಕೆ ಸೈನ್ ಹಾಕ್ತಾ ತಲೆ ಎತ್ತದೆ ಹೇಳಿದ್ರು, "ರೈಟ್ರೇ, ನಮ್ಮ ಭಾವಮೈದ ನಾನೂ ಬತ್ತೀನಿ ಅಂತ ಅವ್ನೆ. ಈ ಸಲ ಹನ್ನೊಂದನೇದ್ರಲ್ಲಿ ಅವ್ನು ಹೋಗ್ಲಿ. ಮುಂದಿನ್ ಸಲ ನಿಮ್ದು."

"ಅವರು ದುಡ್ಡು ಕೊಟ್ಟು ಹತ್ತರಲ್ಲೇ ಒಬ್ರಾಗಿ ಬರಬಹುದಲ್ಲ ಸಾವ್ಕಾರ್ರೇ?"

ಸಾವ್ಕಾರ್ರು ಪೆನ್ನು ಕೆಳಗಿಟ್ಟು ನನ್ನ ಮುಖಾನೇ ನೋಡಿದ್ರು. "ದುಡ್ಡು ಕೊಟ್ಟು ಬರೋ ಹಂಗಿದ್ರೆ ಅವ್ನು ಯಾಕ್ರೀ ಭಾವಮೈದ ಆಗ್ತಿದ್ದ?"

ತಾರೀಖು

ಆ ಸಲ ಹನ್ನೊಂದು ಜನ ಹೋದ್ರು. ಗಾಳಿ ಜಾಸ್ತಿ ಅಂತ ದೋಣಿನೇ ಬಿಡಲಿಲ್ಲವಂತೆ. ಒಣಮೀನು ಕಟ್ಟಿಸ್ಕೊಂಡು ವಾಪಸ್ ಬಂದ್ರು. ಜೀಪು ಎರಡು ತಿಂಗಳು ನಾರ್ತಾ ಇತ್ತು. ತೊಳೆಸಿದ್ದು ನಾನು.

ಮಾರನೇ ವರ್ಷ ಸೀಟು ನಂದು ಅಂತ ಗಟ್ಟಿಯಾಯ್ತು. ಈಗ ತಾರೀಖು ಹಿಡೀಬೇಕು. ಹತ್ತೂ ಸಾವ್ಕಾರ್ರನ್ನ ಕಣದ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಏಜೆಂಟ್ ಹೇಳಿದ್ದ, ಅಕ್ಟೋಬರಿಂದ ಮೇ ತನಕ ಸಮುದ್ರ ಒಳ್ಳೇದು, ಮಳೆಗಾಲದಲ್ಲಿ ಬಂದ್ ಅಂತ.

"ಅಕ್ಟೋಬರ್?" ಅಂದೆ. ಗಿಡಕ್ಕೆ ಕೊನೇ ಔಷಧಿ ಸ್ಪ್ರೇ ಇರುತ್ತೆ, ಆಗಲ್ಲ.

"ನವೆಂಬರ್, ಡಿಸೆಂಬರ್?" ಅರೇಬಿಕಾ ಕುಯ್ಲು. ಆಳು ಸಿಗೋದೇ ಆಗ, ಬಿಟ್ಟು ಹೋಗೋಕಾಯ್ತದಾ?

"ಜನವರಿ, ಫೆಬ್ರವರಿ?" ರೊಬಸ್ಟಾ.

"ಏಪ್ರಿಲ್?" ಮೆಣಸು.

"ಮೇ?" ಮದುವೆ.

"ಜೂನಿಂದ ಸೆಪ್ಟೆಂಬರ್ ತನಕ ನಾವು ಫ್ರೀ ಕಣ್ರೀ," ಅಂದ್ರು ನಮ್ಮ ಸಾವ್ಕಾರ್ರು. "ಆಗ ಯಾಕೆ ಸಮುದ್ರ ಬಂದ್ ಮಾಡ್ತಾರಂತೆ? ಸ್ವಲ್ಪ ಮಾತಾಡಿ ನೋಡಿ."

ಯಾರ ಹತ್ರ ಮಾತಾಡ್ಲಿ ನಾನು?

ಕೊನೆಗೆ ಉಳಿದಿದ್ದು ಮಾರ್ಚ್ ತಿಂಗಳ ಒಂದು ವಾರ. ಅದರಲ್ಲೂ ಹೂಮಳೆ ಭಯ. ಕಾಫಿ ಗಿಡ ಮೊಗ್ಗು ಕಟ್ಕೊಂಡು ಆ ಒಂದು ಮಳೆಗೆ ಕಾಯ್ತಾ ಇರುತ್ತೆ. ಒಂದು ಇಂಚು ಬಂದ್ರೆ ತೋಟ ಪೂರ್ತಿ ಹೂವಾಗುತ್ತೆ, ಎಲ್ಲಾ ಸರಿ. ಅರ್ಧ ಬಂದು ನಿಂತ್ರೆ ಮಾತ್ರ ಕೆಟ್ಟ ಹಾಗೆ. ಉಳಿದರ್ಧ ನೀರನ್ನ ತಕ್ಷಣ ಮೋಟರ್ ಹಾಕಿ ಸ್ಪ್ರಿಂಕ್ಲರಲ್ಲಿ ಕೊಡಬೇಕು, ಇಲ್ಲದಿದ್ರೆ ಮೊಗ್ಗು ಅರೆಬರೆ ಅರಳಿ ಆ ವರ್ಷದ ಫಸಲೇ ಹೋಯ್ತು. ಆದ್ರೂ ಮಾರ್ಚ್ ಕೊನೆವರೆಗೂ ಮಳೆ ಬರಲ್ಲ ಅಂತ ಟೀವಿಯಲ್ಲಿ ಹೇಳಿದ್ರು ಅಂತ ಹೊರಟ್ವಿ.

ಸಕಲೇಶಪುರ ಬಸ್ ಸ್ಟ್ಯಾಂಡ್ ಹತ್ರ ವ್ಯಾನು ನಿಂತಿತ್ತು. ಬ್ಯಾಗೆಲ್ಲಾ ಮೇಲೆ ಹಾಕಿ ಹಗ್ಗ ಕಟ್ಟಿದ್ದೆ. ಡ್ರೈವರ್ ಕೀ ತಿರುಗಿಸ್ದ. ಗಾಜಿನ ಮೇಲೆ ಟಪ್ ಅಂತು. ಇನ್ನೊಂದು ಟಪ್. ಹತ್ತು ಜನ ಸಾವ್ಕಾರ್ರು ಒಬ್ಬರ ಮೇಲೊಬ್ಬರು ಬಿದ್ದು ಕೆಳಗಿಳಿದು, ರಸ್ತೆ ಮಧ್ಯೆ ಮುಖ ಮೇಲೆ ಮಾಡ್ಕೊಂಡು ನಿಂತ್ರು. ಇಬ್ಬರು ಅಳ್ತಾ ಇದ್ರು. "ಬಂತು ಕಣೋ! ಬಂತು ಮಾರಾಯ!" ಅಂತ ತಬ್ಕೊಳ್ಳೋದು. ಮುಕ್ಕಾಲು ಗಂಟೆ ಸುರೀತು, ನಿಂತೋಯ್ತು. ಫೋನ್ ಮೇಲೆ ಫೋನು. ವನಗೂರು ಕಡೆ ಅರ್ಧ ಇಂಚು. ಹಾನಬಾಳು ಕಡೆ ಅರ್ಧ. ಐದೇ ನಿಮಿಷಕ್ಕೆ ಹತ್ತೂ ಜನ ಮೋಟರ್ ಹಾಕ್ಸೋಕೆ ಓಡ್ಬುಟ್ರು. ಬ್ಯಾಗು ಬಿಚ್ಕೊಳ್ಳೋಕೂ ನಿಲ್ಲಲಿಲ್ಲ.

ನಾನು ವ್ಯಾನಿನ ಪಕ್ಕ ಒದ್ದೆಯಾಗಿ ನಿಂತಿದ್ದೆ. ಆಕಾಶ ನೋಡಿ ಬಾಯಿಗೆ ಬಂದದ್ದು ಬೈದೆ. "ಇನ್ನೆರಡು ದಿನ ತಡ್ಕೊಳ್ಳೋಕೆ ಏನ್ ಬಂದಿತ್ತು ನಿಂಗೆ ರೋಗ?" ಅಂದೆ. ಪಕ್ಕದ ಟೀ ಅಂಗಡಿಯೋನು ಕೇಳಿಸ್ಕೊಂಡ. ಹೂಮಳೆಗೆ ಬೈದವನು ಅಂತ ಸಂಜೆಯೊಳಗೆ ತಾಲೂಕಿಗೆಲ್ಲಾ ಸುದ್ದಿ ಆಗೋಯ್ತು.

ಆ ವರ್ಷ ಫಸಲು ಕಮ್ಮಿ ಬಂತು. ಯಾಕೆ ಅಂತ ನಮ್ಮ ಕಡೆ ಈಗಲೂ ಯಾರನ್ನಾದ್ರೂ ಕೇಳಿ, ಹವಾಮಾನ ಅನ್ನಲ್ಲ, ರೋಗ ಅನ್ನಲ್ಲ, ನನ್ನ ಹೆಸರು ಹೇಳ್ತಾರೆ.

ಶಾರ್ಕಿಗೆ ಬೇಕಾದ ಸಾಮಾನು

ಮೂರನೇ ವರ್ಷ ಏಜೆಂಟು ಮೊದಲೇ ಎಲ್ಲರ ಅನುಮಾನ ಬಗೆಹರಿಸೋಣ ಅಂತ ವಿಡಿಯೋ ಕಾಲ್ ಇಟ್ಟ. ಆ ಕಡೆ ಡೈವಿಂಗ್ ಕಲಿಸೋ ಹುಡುಗಿ, ಮಂಗಳೂರು ಕಡೆಯೋಳು. ಈ ಕಡೆ ನಮ್ಮ ಹತ್ತು ಜನ. ಎಲ್ಲರ ತೋಟದಲ್ಲೂ ಆನೆ ಓಡಾಡುತ್ತೆ. ಬೆಳಗ್ಗೆ ಎದ್ದು ಮೊದಲು ಮೊಬೈಲಲ್ಲಿ ಆನೆ ಎಲ್ಲಿದೆ ಅಂತ ಮೆಸೇಜ್ ನೋಡಿ ಆಮೇಲೆ ಬಾಗಿಲು ತೆಗೆಯೋ ಜನ ಇವರು.

"ಅಲ್ಲಿರೋದು ಒಂಟಿನಾ, ಗುಂಪಾ?" ಅಂತ ಶುರು ಮಾಡಿದ್ರು ಒಬ್ಬರು.

"ಎರಡೂ ಉಂಟು ಸರ್."

"ಕಾಲರ್ ಹಾಕವ್ರಾ?"

"ಯಾವ ಕಾಲರ್ ಸರ್?"

"ರೇಡಿಯೋ ಕಾಲರ್ ಕಣಮ್ಮ, ಕುತ್ತಿಗೆಗೆ. ಎಲ್ಲೈತೆ ಅಂತ ಮೊಬೈಲಿಗೆ ಮೆಸೇಜ್ ಬರಲ್ವಾ ನಿಮ್ ಕಡೆ?"

"ಇಲ್ಲ ಸರ್, ಶಾರ್ಕಿಗೆ ಹಾಗೆಲ್ಲ ಮೆಸೇಜ್ ಬರುದಿಲ್ಲ."

ಹತ್ತೂ ಜನ ಮುಖ ಮುಖ ನೋಡ್ಕೊಂಡ್ರು. ಹಿಂದಿನಿಂದ ಯಾರೋ, "ಇನ್ನೂ ಯಾವ ಕಾಲದಲ್ಲವ್ರೆ ಇವ್ರು," ಅಂದ್ರು.

"ಹೆದರ್ಬೇಡಿ ಸರ್. ನಾವು ಸುಮ್ಮನಿದ್ರೆ ಅದು ಅದರಷ್ಟಕ್ಕೆ ಹೋಗ್ತದೆ."

ಆಲೂರು ಕಡೆಯ ಗೌಡ್ರು ಒಬ್ಬರಿದ್ರು, ಎಪ್ಪತ್ತರ ಹತ್ತಿರ ವಯಸ್ಸು. ಅವರ ಗದ್ದೆಯನ್ನ ಆನೆ ಎರಡು ಸಲ ತುಳಿದು ಹಾಕಿತ್ತು. "ಆನೆ ವಿಷ್ಯದಲ್ಲೂ ಹಿಂಗೇ ಹೇಳ್ತಾರೆ ಕಣಮ್ಮ," ಅಂದ್ರು, "ಟೀವೀಲಿ ಕೂತ್ಕಂಡು." ಅಂದು ಸುಮ್ಮನಾದ್ರು. ಆ ಸುಮ್ಮನಾಗಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ವಿಮಾನ ನಿಲ್ದಾಣದಲ್ಲಿ.

ಬ್ಯಾಗು ಒಂದೊಂದೇ ಯಂತ್ರದೊಳಗೆ ಹೋಗಿ ಈಚೆ ಬರ್ತಿತ್ತು. ಗೌಡ್ರ ಬ್ಯಾಗು ಬರಲಿಲ್ಲ. ಅಧಿಕಾರಿ ಬಿಚ್ಚಿ ನೋಡಿದ್ರೆ ಪಂಚೆ, ಟವಲ್ಲು, ಚಕ್ಕುಲಿ ಡಬ್ಬ, ಅದರ ಕೆಳಗೆ ಆನೆ ಓಡಿಸೋ ಪಟಾಕಿ ಆರು. ನಮ್ಮ ಕಡೆ ಜೀಪಲ್ಲಿ ಟಾರ್ಚು ಇರೋ ಹಾಗೆ ಪಟಾಕಿನೂ ಇರುತ್ತೆ, ನಮಗದು ಸಾಮಾನು. ಅವರಿಗದು ಬಾಂಬು. ನಾಲ್ಕು ಜನ ಓಡಿ ಬಂದು ಗೌಡ್ರನ್ನ ಸುತ್ತಿಕೊಂಡ್ರು.

ವಿಮಾನ ಹೊರಡೋ ಹೊತ್ತಾಗಿತ್ತು. ಸಾವ್ಕಾರ್ರು ನನ್ನ ಭುಜ ಹಿಡ್ಕೊಂಡ್ರು. "ರೈಟ್ರೇ, ಗೌಡ್ರು ವಯಸ್ಸಾದೋರು, ಒಬ್ರನ್ನೇ ಬುಟ್ಟು ಹೋಗೋದು ಚೆಂದ ಅಲ್ಲ. ನೀವಿರಿ."

ನಾನಿದ್ದೆ. ಮಿಕ್ಕ ಒಂಬತ್ತು ಜನ ಹಿಂದಿರುಗಿ ನೋಡದೆ ಹೋದ್ರು. ಗಾಜಿನಾಚೆ ವಿಮಾನ ಏರಿ ಕಾಣದಂಗಾಗೋವರೆಗೂ ನೋಡ್ತಾ ನಿಂತೆ.

ಅಧಿಕಾರಿಗೆ ಕನ್ನಡ ಬರ್ತಿತ್ತು. "ಯಾತಕ್ಕೆ ಇದು?" ಅಂತ ಗೌಡ್ರನ್ನ ಕೇಳಿದ್ರು.

"ಶಾರ್ಕಿಗೆ ಸ್ವಾಮಿ."

"ಶಾರ್ಕಿಗಾ? ನೀರೊಳಗೆ ಪಟಾಕಿ ಹೆಂಗ್ರೀ ಹೊಡೀತೀರಾ?"

ಗೌಡ್ರು ಇಷ್ಟು ದಡ್ಡನನ್ನ ಇಲ್ಲಿ ಯಾರಪ್ಪ ಕೂರಿಸಿದೋರು ಅನ್ನೋ ಹಾಗೆ ನೋಡಿದ್ರು. "ಅದಕ್ಕೇ ಅಲ್ವಾ ಪ್ಲಾಸ್ಟಿಕ್ ಕವರಲ್ಲಿ ಸುತ್ತಿರೋದು?"

ಒಂದು ಕಾಗದ ಬರೆಸ್ಕೊಂಡು, ಪಟಾಕಿ ಇಟ್ಕೊಂಡು ನಮ್ಮನ್ನ ಬಿಟ್ರು. ಅಲ್ಲಿಗೆ ಮುಗೀತಾ? ಇಲ್ಲ. ಮಧ್ಯಾಹ್ನ ಅದೇ ವಿಮಾನದಲ್ಲಿ ಒಂಬತ್ತೂ ಜನ ವಾಪಸ್ ಬಂದ್ರು. ಆ ದ್ವೀಪಕ್ಕೆ ಕಾಲಿಡೋಕೆ ಪರ್ಮಿಟ್ ಬೇಕು. ಪರ್ಮಿಟ್ಟೆಲ್ಲಾ ನನ್ನ ಬ್ಯಾಗಲ್ಲಿತ್ತು. ಕಾಗದಪತ್ರ ಅಂದ್ಮೇಲೆ ರೈಟರ್ ಹತ್ರಾನೇ ಇರ್ಬೇಕು, ಸಾವ್ಕಾರ್ರು ಮುಟ್ಟಬಾರದು. ನಮ್ಮ ಕಡೆ ತಲೆತಲಾಂತರದಿಂದ ಹಾಗೇ.

ಸಾವ್ಕಾರ್ರು ಕೆಂಡವಾಗಿ ಬಂದ್ರು. "ಗೌಡ್ರ ಜೊತೆ ನಿಂತ್ಕಳಿ ಅಂದ್ರೆ ಪರ್ಮಿಟ್ಟೂ ನಿಲ್ಲಿಸ್ಕಳಿ ಅಂದ್ನೇನ್ರೀ ನಾನು?"

ಕೆರೆ

ಈ ವರ್ಷ ಸಾವ್ಕಾರ್ರಿಗೆ ಛಲ ಬಂದಿತ್ತು. ಮೊದಲು ಅಭ್ಯಾಸ ಮಾಡ್ಬೇಕು ಅಂದ್ರು. ಹತ್ತು ಜನರಲ್ಲಿ ಒಬ್ಬರಿಗೂ ಈಜು ಬರಲ್ಲ. ಮೂಗೂ ಮುಚ್ಚೋ ಕನ್ನಡಕ, ಬಾಯಿಗೆ ಕಚ್ಚೋ ಕೊಳವೆ ತರಿಸಿ, ಒಂದು ಭಾನುವಾರ ತೋಟದ ಕೆರೆಗೆ ಇಳಿದ್ರು. ಸೊಂಟದುದ್ದ ನೀರಲ್ಲಿ ಸಾವ್ಕಾರ್ರು ಬಗ್ಗಿ ತಲೆ ಮುಳುಗಿಸೋದು, ನಾನು ಅವರ ಚಡ್ಡಿ ಲಾಡಿ ಹಿಡ್ಕೊಂಡು ನಿಲ್ಲೋದು.

ಲೈನ್ ಮನೆಗಳಿಂದ ಆಳುಗಳೆಲ್ಲಾ ಬಂದು ಏರಿ ಮೇಲೆ ನಿಂತ್ರು. ಒಬ್ಬ ಅಜ್ಜಿ ಕೇಳಿದ್ಲು, "ರೈಟ್ರಯ್ಯ, ಸಾವ್ಕಾರ್ರು ಏನ್ ಬೀಳಿಸ್ಕಂಡವ್ರೆ?"

"ಏನೂ ಇಲ್ಲ ಕಣವ್ವ. ಸುಮ್ನೆ ಮುಳುಗ್ತಾವ್ರೆ."

"ಸುಮ್ನೆ ಯಾರಯ್ಯ ಮುಳುಗ್ತಾರೆ? ಉಂಗುರ ಇರ್ಬೇಕು. ಹೇಳ್ಕಳಕ್ಕೆ ನಾಚ್ಕೆ ಪಾಪ."

ಅಷ್ಟು ಕೇಳಿದ್ದೇ ತಡ, ಪ್ಯಾಂಟು ಮಡಚಿಕೊಂಡು ನಾಲ್ಕು ಜನ ಗಂಡಾಳು ದುಬು ದುಬು ಅಂತ ನೀರಿಗೆ ಬಿದ್ರು. ಬೇಡ ಬೇಡ ಅಂದ್ರೂ ಕೇಳಲಿಲ್ಲ. ಕೆರೆ ತಳ ಎಲ್ಲಾ ಕೆದಕಿ, ಒಬ್ಬ ಮೇಲೆದ್ದು ಕೈ ಎತ್ತಿದ. ಕೈಯಲ್ಲಿ ಮೋಟರ್ ಪೈಪಿನ ತುದಿಗೆ ಹಾಕೋ ಹಿತ್ತಾಳೆ ಫುಟ್‌ವಾಲ್ವ್.

ಎರಡು ವರ್ಷದ ಹಿಂದೆ ಅದು ಕಾಣ್ತಿಲ್ಲ ಅಂತ, ಕದ್ದು ಮಾರ್ಕೊಂಡಿದ್ದಾನೆ ಅಂತ, ಮೋಟರ್ ನೋಡ್ಕೊಳ್ತಿದ್ದವನನ್ನ ಹೆಂಡತಿ ಮಕ್ಕಳ ಸಮೇತ ಲೈನಿಂದ ಕಳಿಸಿದ್ರು. ಅವನ ಹೆಸರನ್ನ ಹಾಜರಿಯಿಂದ ಹೊಡೆದು ಹಾಕಿದ್ದು ಈ ಕೈಯೇ. ಅವನು ಆವತ್ತು ನನ್ನ ಮುಖ ನೋಡಿ, "ನೀವಾದ್ರೂ ಹೇಳಿ ರೈಟ್ರೇ," ಅಂದಿದ್ದ. ನಾನು ಹೇಳಿರಲಿಲ್ಲ.

ಸಾವ್ಕಾರ್ರು ಬಾಯಿಂದ ಕೊಳವೆ ತೆಗೆದ್ರು. "ಅಂತೂ ಸಿಕ್ತಲ್ಲ. ಸ್ಟೋರಿಗೆ ಹಾಕ್ಸಿ."

"ಸಾವ್ಕಾರ್ರೇ, ಆ ಮೋಟರಿನೋನು..."

"ಅವ್ನು ಬಾಳ್ಳುಪೇಟೆ ಕಡೆ ಈಗ ಸ್ವಂತ ಆಟೋ ಇಟ್ಟವ್ನಂತೆ ಕಣ್ರೀ. ನಾವು ಕಳಿಸ್ಲಿಲ್ಲ ಅಂದಿದ್ರೆ ಉದ್ಧಾರ ಆಗ್ತಿದ್ನಾ?" ಅಂದು, ಕೊಳವೆ ಮತ್ತೆ ಬಾಯಿಗಿಟ್ಕೊಂಡು ಮುಳುಗಿದ್ರು.

ಲಾಡಿ ನನ್ನ ಕೈಯಲ್ಲಿತ್ತು. ಬಿಡೋಣ ಅನ್ನಿಸ್ತು. ಬಿಡಲಿಲ್ಲ.

ಫಾರಂ

ನೀರಿಗಿಳಿಯೋಕೆ ಮೊದಲು ಆರೋಗ್ಯದ ಫಾರಂ ತುಂಬ್ಬೇಕು. ಬಿಪಿ ಇದೆಯಾ, ಸಕ್ಕರೆ ಇದೆಯಾ, ಹಾರ್ಟು ಹೇಗಿದೆ, ಉಬ್ಬಸ ಇತ್ತಾ. ಹತ್ತೂ ಫಾರಂ ನನ್ನ ಮೇಜಿಗೆ ಬಂತು. "ಎಲ್ಲಾ ಇಲ್ಲ ಅಂತ ಬರೀರಿ ರೈಟ್ರೇ," ಅಂದ್ರು ನಮ್ಮ ಸಾವ್ಕಾರ್ರು. ಈ ಹತ್ತರಲ್ಲಿ ಆರು ಜನಕ್ಕೆ ಪೇಟೆಯಿಂದ ಮಾತ್ರೆ ತಂದು ಕೊಡೋನು ನಾನೇ. ಹೇಳ್ದೆ. "ಬರೀರಿ ಅಂದ್ರೆ ಬರೀಬೇಕು," ಅಂದ್ರು. ಬರೆದೆ.

ಹನ್ನೊಂದನೇದು ನಂದು. ಅದೊಂದರಲ್ಲಾದ್ರೂ ನಿಜ ಇರ್ಲಿ ಅಂತ, ಚಿಕ್ಕಂದಿನಲ್ಲಿ ಉಬ್ಬಸ ಇತ್ತು ಅಂತ ಬರೆದೆ. ಎರಡು ದಿನಕ್ಕೆ ಏಜೆಂಟ್ ಫೋನ್ ಮಾಡ್ದ. "ಹತ್ತು ಜನ ಕಲ್ಲುಗುಂಡು. ನಿಮ್ದೊಂದೇ ತೊಂದ್ರೆ ರೈಟ್ರೇ. ಡಾಕ್ಟರ್ ಸರ್ಟಿಫಿಕೇಟ್ ತನ್ನಿ, ಇಲ್ಲಾಂದ್ರೆ ಇಳಿಸಲ್ಲ."

ಪೇಟೆ ಡಾಕ್ಟ್ರು ಎದೆಗೆ ಟ್ಯೂಬಿಟ್ಟು ಕೇಳಿದ್ರು, ಮೆಟ್ಟಿಲು ಹತ್ತಿಸಿ ಇಳಿಸಿದ್ರು, ಊದಿಸಿದ್ರು. "ನಿಮ್ಮ ಶ್ವಾಸ ನನಗಿದ್ದಿದ್ರೆ ಚೆನ್ನಾಗಿತ್ತು. ಆರಾಮಾಗಿ ಹೋಗ್ಬನ್ನಿ," ಅಂತ ಸರ್ಟಿಫಿಕೇಟ್ ಬರೆಯೋಕೆ ಕೂತ್ರು. ಬರೀತಾ ಬರೀತಾ, "ಜೊತೆಗೆ ಯಾರ್ಯಾರು?" ಅಂದ್ರು. ಹತ್ತು ಹೆಸರೂ ಹೇಳ್ದೆ. ಎಲ್ಲರೂ ಅವರ ಪೇಷೆಂಟುಗಳೇ. ಪೆನ್ನು ನಿಂತೋಯ್ತು.

"ಇವರನ್ನೆಲ್ಲಾ ಫಿಟ್ ಅಂತ ಬರೆದ ಆ ಪುಣ್ಯಾತ್ಮ ಯಾರ್ರೀ?"

"ನಾನೇ ಸಾರ್."

ಎಡಗಡೆ

ಡಾಕ್ಟ್ರು ಬೈದ್ರೂ ನನ್ನ ಸರ್ಟಿಫಿಕೇಟ್ ಕೊಟ್ರು. ಕೊನೆಗೂ ಹೋದ್ವಿ. ಹನ್ನೊಂದು ಜನಾನೂ. ಪರ್ಮಿಟ್ಟು ಒಬ್ಬೊಬ್ಬರ ಜೇಬಿಗೂ ಒಂದೊಂದು ಪಿನ್ ಮಾಡಿದ್ದೆ.

ಬೆಳಗ್ಗೆ ದೋಣಿ ಹತ್ತೋಕೆ ಮೊದಲು ಆ ಮಂಗಳೂರು ಹುಡುಗಿ ಹೇಳಿದ್ಲು, ಹೊಟ್ಟೆ ಖಾಲಿ ಬಿಡ್ಬೇಡಿ, ತುಂಬಾನೂ ತಿನ್ಬೇಡಿ ಅಂತ. ನಮ್ಮೋರಿಗೆ ಮೊದಲನೇದು ಮಾತ್ರ ಕೇಳಿಸ್ತು. ಹುಟ್ಟಿದಾಗಿನಿಂದ ಘಾಟಿಯ ತಿರುವಲ್ಲಿ ಜೀಪ್ ಓಡಿಸಿದ ಜನ, ನಮಗೇನಾಯ್ತದೆ ಅಂತ ಮೀನು, ಪರೋಟ ಬಾರಿಸಿದ್ರು. ದೋಣಿ ದಡ ಬಿಟ್ಟು ಕಾಲು ಗಂಟೆ ಆಗಿಲ್ಲ, ಮೊದಲು ಒಬ್ಬರು ಬಗ್ಗಿದ್ರು. ಆಮೇಲೆ ಸಾಲಾಗಿ. ಜಾಗ ತಲುಪೋ ಹೊತ್ತಿಗೆ ಹತ್ತೂ ಸಾವ್ಕಾರ್ರು ಕಾಫಿ ಮೂಟೆ ಬಿದ್ದ ಹಾಗೆ ಬಿದ್ದಿದ್ರು. ಗೌಡ್ರು ಕಣ್ಣು ಮುಚ್ಚಿಕೊಂಡೇ, "ನನ್ನ ಆನೆ ತುಳಿದಿದ್ರೂ ಚೆನ್ನಾಗಿತ್ತು ಕಣೋ," ಅಂತಿದ್ರು.

ಹುಡುಗಿ ಮುಖ ನೋಡಿದ್ರೆ ಸಾಕು, ಇವರಲ್ಲಿ ಯಾರನ್ನೂ ಇಳಿಸಲ್ಲ ಅಂತ ಗೊತ್ತಾಗ್ತಿತ್ತು. "ಬೇರೆ ಯಾರಾದ್ರೂ ಇಳಿಯುವವರು ಇದ್ದೀರಾ?" ಅಂ‌ದ್ಲು.

ನಾನು ಕೈ ಎತ್ತಿದೆ.

ಸಾವ್ಕಾರ್ರು ಒಂದು ಕಣ್ಣು ತೆಗೆದ್ರು. "ನಿಲ್ಲಿ ರೈಟ್ರೇ, ನಾನು ಮೊದಲು..." ಅಂತ ಎದ್ದು ಕೂತ್ರು. ಮತ್ತೆ ಬಗ್ಗಿದ್ರು. ಇಪ್ಪತ್ತಾರು ವರ್ಷದಲ್ಲಿ ಅವರು ನಿಲ್ಲಿ ಅಂದಾಗ ನಾನು ನಿಲ್ಲದೇ ಇದ್ದಿದ್ದು ಅದೊಂದೇ ಸಲ. ಸಿಲಿಂಡರ್ ಕಟ್ಟಿಸ್ಕೊಂಡು ಏಣಿ ಇಳಿದುಬುಟ್ಟೆ. ಹುಡುಗಿ ಪಕ್ಕದಲ್ಲೇ ಹಿಡ್ಕೊಂಡಿದ್ಲು.

ಮೊದಲು ಕಂಡಿದ್ದು ನನ್ನ ಕೈ. ಐದು ಬೆರಳು, ಉಗುರು, ಕತ್ತಿ ತಾಗಿದ ಹಳೇ ಗಾಯ. ನೀರೊಳಗೆ ನನ್ನ ಕೈಯನ್ನ ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಈ ಕೈ ಕತ್ತಲಲ್ಲಿ ಒಂಟಿಯಾಗಿ ತಡಕಾಡ್ತಿತ್ತಲ್ಲ ಅನ್ನಿಸಿ ಅಳು ಬಂತು. ಕೆಳಗೆ ಬಿಳೀ ಮರಳು, ಅರಿಶಿನದ ಬಣ್ಣದ ಸಣ್ಣ ಮೀನು, ಬಂಡೆ. ಆಗ ಎಡಗಡೆಯಿಂದ ಅದು ಬಂತು. ನನ್ನಷ್ಟುದ್ದ ಇತ್ತು, ಬೂದಿ ಬಣ್ಣ. ಸಾವ್ಕಾರ್ರು ಲೈನ್ ಸುತ್ತೋಕೆ ಬರ್ತಾರಲ್ಲ, ಹಾಗೆ ಯಾರ ಮುಖಾನೂ ನೋಡದೆ ನಿಧಾನಕ್ಕೆ ನಮ್ಮ ಮುಂದೇನೇ ಹೋಯ್ತು. ನನಗೆ ಭಯ ಆಗಲಿಲ್ಲ. ಇನ್ನೊಂದ್ಸಲ ತಿರುಗಿ ಬಾರಪ್ಪ ಅಂತ ಮನಸ್ಸಲ್ಲೇ ಕರೆದೆ. ಬರಲಿಲ್ಲ. ಸಾಕು, ನೋಡಿದೆ.

ಮೇಲೆ ಬಂದಾಗ ಹುಡುಗಿ, "ನಿಮ್ಮ ಪುಣ್ಯ ಸರ್, ಈ ವಾರ ಯಾರಿಗೂ ಕಂಡಿರ್ಲಿಲ್ಲ," ಅಂತ ಕೈ ಕುಲುಕಿದ್ಲು. ಸಾವ್ಕಾರ್ರು ನನ್ನ ಹತ್ರ ಸರ್ಕೊಂಡು ಕೂತು ಕೇಳೋಕೆ ಶುರು ಮಾಡಿದ್ರು. ಎಷ್ಟುದ್ದ ಇತ್ತು? ಯಾವ ಬಣ್ಣ? ಮೊದಲು ಏನ್ ಕಾಣಿಸ್ತು? ಭಯ ಆಯ್ತಾ? ದಡ ಸೇರೋವರೆಗೂ ಕೇಳಿದ್ರು. ಅವರು ನನ್ನ ಮಾತನ್ನ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಕೈ ನೋಡಿ ಅಳು ಬಂದಿದ್ದನ್ನೂ ಹೇಳ್ಕೊಂಡೆ, ಹೆಂಡತಿಗಿಂತ ಮೊದಲು ಅವರಿಗೇ. ಎಷ್ಟಾದ್ರೂ ಮನುಷ್ಯ ಒಳ್ಳೆಯವರು ಅಂದ್ಕೊಂಡೆ.

ಹದಿನೈದು ದಿನಕ್ಕೆ ಆಲೂರಲ್ಲಿ ಒಂದು ಬೀಗರೂಟ. ಸಾವ್ಕಾರ್ರು ಬೀಗರ ಜೊತೆ ಮುಂದಿನ ಸಾಲಲ್ಲಿ, ನಾನು ಅವರ ಬೆನ್ನ ಹಿಂದಿನ ಸಾಲಲ್ಲಿ ಊಟಕ್ಕೆ ಕೂತಿದ್ವಿ. ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ. ಮುಂದಿಂದ ಸಾವ್ಕಾರ್ರ ದನಿ ಕೇಳಿಸ್ತು.

"ಕೆಳಗಿಳಿದೆ ನೋಡಿ, ಮೊದಲು ಕಂಡಿದ್ದು ನನ್ನ ಕೈ. ಐದು ಬೆರಳೂ, ಉಗುರು ಸಮೇತ. ಅಳು ಬಂದುಬುಡ್ತು ಕಣ್ರೀ."

ಸುತ್ತ ಇದ್ದೋರೆಲ್ಲಾ ಊಟ ನಿಲ್ಲಿಸಿ ಕೇಳ್ತಿದ್ರು. ತುತ್ತು ನನ್ನ ಕೈಯಲ್ಲೇ ನಿಂತೋಯ್ತು. ಶಾರ್ಕನ್ನ ತಗೊಳ್ಳಲಿ, ಸಮುದ್ರಾನ ತಗೊಳ್ಳಲಿ. ನನ್ನ ಕೈಯನ್ನೂ ತಗೊಂಡುಬುಟ್ರಲ್ಲ ಈ ಯಪ್ಪ!

"ಆಮೇಲೆ ಬಲಗಡೆಯಿಂದ ಬಂತು ನೋಡಿ ಶಾರ್ಕು..."

ತಡ್ಕೊಳ್ಳೋಕಾಗಲಿಲ್ಲ. "ಎಡಗಡೆಯಿಂದ!" ಅಂದುಬುಟ್ಟೆ, ಗಟ್ಟಿಯಾಗೇ.

ಎಲ್ಲರೂ ತಿರುಗಿ ನೋಡಿದ್ರು. ಬೀಗರು, "ಓ, ನೀವೂ ಇಳಿದಿದ್ರಾ?" ಅಂದ್ರು. ನಾನು ಬಾಯಿ ತೆರೆದೆ.

"ಅವ್ರೆಲ್ಲಿ ಇಳೀತಾರೆ ಪಾಪ," ಅಂದ್ರು ಸಾವ್ಕಾರ್ರು. ನನ್ನ ಕಡೆ ತಿರುಗಿ ಪ್ರೀತಿಯಿಂದ ನಕ್ಕರು. "ವಾಂತಿ ಮಾಡ್ಕಂಡು ದೋಣೀಲೇ ಬಿದ್ದಿದ್ರು. ಮೇಲೆ ಬಂದು ನಾನು ಒಂದೇ ಒಂದ್ಸಲ ಹೇಳಿದ್ದು, ನೋಡಿ, ಎಡ ಬಲ ಸಮೇತ ಹೆಂಗೆ ನೆನಪಿಟ್ಕಂಡವ್ರೆ! ರೈಟರ್ ಅಂದ್ರೆ ಹಿಂಗಿರ್ಬೇಕು ಕಣ್ರೀ."